ತೌಡಿಗೆ ಕೊಂಡ ಕೂಸು

ನಮ್ಮೂರಿನ ಸೂಲಗಿತ್ತಿ ಚಿಕ್ಕಲಕ್ಷ್ಮಮ್ಮಜ್ಜಿ ತನ್ನ ಎಪ್ಪತ್ತಾರು ವರ್ಷದ ಬದುಕಿನಲ್ಲಿ ಟಿ.ವಿ.ಯಲ್ಲಿ ಬಂದಿದ್ದು ಎರಡೇ ಸಲ. ಮೊದಲ ಸಲ ಒಂದು ಸುಳ್ಳು ಹೇಳಿ ಒಂದು ಮನೆಯ ನೆಮ್ಮದಿ ಕೆಡಿಸಿದಳು. ಎರಡನೇ ಸಲ ತಿಪ್ಪೆ ಹತ್ತಿ ನಿಂತು ಯಮನಿಗೇ ಬೈದು ಅದನ್ನು ಸರಿಮಾಡಿದಳು. ಎರಡಕ್ಕೂ ನಾನು ಸಾಕ್ಷಿ. ಮೊದಲನೆಯದಕ್ಕೆ ನಾನೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಹೇಳಿಕೊಳ್ಳಲಿ. ಈ ಕಥೆಯನ್ನು ನನ್ನನ್ನು ಬಿಟ್ಟು ಬೇರೆಯವರು ಹೇಳಿದರೆ ಉಪ್ಪು ಖಾರ ಸೇರಿಸಿ ಹಾಳುಮಾಡುತ್ತಾರೆ.

ನಾನು ರುದ್ರಮುನಿ. ಐ.ಡಿ.ಹಳ್ಳಿ ಹೋಬಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೇಬಲ್ ನಡೆಸುತ್ತಿದ್ದೇನೆ. ಮೊಬೈಲ್ ಬಂದ ಮೇಲೆ ಅರ್ಧ ಮನೆಗಳು ಕೈಬಿಟ್ಟವು. ಆದರೂ ಸೀರಿಯಲ್ ನೋಡುವ ಹೆಂಗಸರು ಇರುವ ತನಕ ನನ್ನ ಅನ್ನಕ್ಕೆ ಮೋಸವಿಲ್ಲ. ನನ್ನ ಪಟ್ಟಿಯಲ್ಲಿ ಬೆಂಗಳೂರಿನ ಒಂದು ಕಥೊಲಿಕ ಚಾನೆಲ್ಲೂ ಇದೆ. ಅದರಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಫಾದರ್ ಚೌರಪ್ಪ ಎಂಬುವರು 'ಕರುಳ ಕುಡಿ' ಅಂತ ಒಂದು ಕಾರ್ಯಕ್ರಮ ನಡೆಸುತ್ತಾರೆ. ಹೊಟ್ಟೆಯಲ್ಲಿರುವ ಜೀವವೂ ಜೀವವೇ ಎಂಬುದು ಅವರ ಮಾತು. ಬೇಡವೆಂದು ಎಲ್ಲರೂ ಹೇಳಿದರೂ ಹೆತ್ತ ತಾಯಂದಿರು, ಬೇರೆಯವರ ಕೂಸನ್ನು ತಂದು ಸಾಕಿದವರು, ಇಂಥವರನ್ನು ಕೂರಿಸಿ ಮಾತಾಡಿಸುತ್ತಾರೆ. ನಮ್ಮ ಮನೆಯಲ್ಲಿ ಕಟ್ಟುವುದು ಲಿಂಗ. ಆದರೆ ಅಳುವ ಕಥೆ ಇದ್ದರೆ ಯಾವ ದೇವರ ಚಾನೆಲ್ ಆದರೂ ನನ್ನ ಹೆಂಡತಿಗೆ ಆದೀತು. ಅವಳ ಕಾಟಕ್ಕೆ ಒಂದು ದಿನ ಆ ಕಾರ್ಯಕ್ರಮದ ನಂಬರಿಗೆ ಫೋನ್ ಮಾಡಿದೆ. ಫಾದರ್ರೇ ಎತ್ತಿಕೊಂಡರು. ಹಳ್ಳಿಯ ಹಳೇ ಸೂಲಗಿತ್ತಿಯೊಬ್ಬರು ಸಿಗಬಹುದೇ ಎಂದು ಕೇಳಿದರು. ಸಿಗಬಹುದೇ ಅಂದರೆ! ಬನ್ನಿ ಸ್ವಾಮಿ, ನನ್ನನ್ನೇ ಭೂಮಿಗೆ ಇಳಿಸಿದವಳು ಇಲ್ಲಿದ್ದಾಳೆ ಎಂದೆ.

ಅಜ್ಜಿ ಹುಲಿಕುಂಟೆ ಕಡೆಯಿಂದ ಹದಿನಾರಕ್ಕೆ ನಮ್ಮೂರಿಗೆ ಸೊಸೆಯಾಗಿ ಬಂದವಳು. ಅತ್ತೆ ಸೂಲಗಿತ್ತಿ. ಮೂರೇ ವರ್ಷಕ್ಕೆ ಅತ್ತೆಯ ಕಣ್ಣು ಮಂಜಾಯಿತು. ಹೆರಿಗೆಗೆ ಕರೆದ ಮನೆಗೆಲ್ಲ ಸೊಸೆಯ ಭುಜ ಹಿಡಿದುಕೊಂಡು ಹೋಗಿ, ಮೂಲೆಯಲ್ಲಿ ಕೂತು, ಹಿಂಗೆ ತಿರುಗಿಸು ಹಂಗೆ ಒತ್ತು ಎಂದು ಹೇಳಿಕೊಟ್ಟಳಂತೆ. ಅಲ್ಲಿಂದ ಮುಂದಕ್ಕೆ ನಲವತ್ತು ವರ್ಷ ಸುತ್ತ ಹತ್ತು ಹಳ್ಳಿಗೆ ಇವಳದೇ ಕೈ. ಎಷ್ಟು ಹೆರಿಗೆ ಮಾಡಿಸಿದೆ ಅಜ್ಜಿ ಎಂದರೆ ಗದರುತ್ತಾಳೆ. "ಕೋಳಿಮರಿ ಎಣಿಸ್ಬೋದು, ಮನುಸ್ರ ಮಕ್ಳ ಎಣಿಸ್ಬಾರ್ದು ಕಣ್ಲಾ." ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ, ಅದೇ ಒಳ್ಳೆಯದು ಎಂದು ಅವಳೇ ಬೈದು ಕಳಿಸುತ್ತಾಳೆ. ಆದರೂ ಉಗುರನ್ನು ಮಾತ್ರ ಇವತ್ತಿಗೂ ಬ್ಲೇಡಿನಲ್ಲಿ ಹೆರೆದುಕೊಂಡೇ ಇರುತ್ತಾಳೆ.

ಅವಳದೊಂದು ಕಟ್ಟುನಿಟ್ಟಿತ್ತು. ಹೆತ್ತವಳು ಒಂದು ಲೋಟ ನೀರು ಕುಡಿಯುವ ತನಕ ಕೂಸು ಗಂಡೋ ಹೆಣ್ಣೋ ಹೊರಗೆ ಹೇಳುತ್ತಿರಲಿಲ್ಲ. ಬಾಗಿಲಲ್ಲಿ ಗಂಡ ಕೂಗಲಿ, ಮಾವ ಕೂಗಲಿ, ಒಳಗಿನಿಂದ ಒಂದೇ ಉತ್ತರ. "ಮೊದ್ಲು ಅವ್ಳು ನೀರ್ ಕುಡೀಲಿ. ನಿಮ್ ವಂಸ ಆಮ್ಯಾಕೆ ನೋಡಾನ."

ಫಾದರ್ ಚೌರಪ್ಪ ಬಂದಾಗ ಅಜ್ಜಿ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಕೊರಳಿನ ಹತ್ತಿರ ಸಣ್ಣ ಮೈಕು ಸಿಕ್ಕಿಸಲು ಹೋದರೆ, ಇದೇನ್ಲಾ ಜಿರಲೆ ಇದ್ದಂಗೈತೆ ಎಂದಳು. ಫಾದರ್ ನಕ್ಕರು. ಒಳ್ಳೆಯ ಮನುಷ್ಯ, ಆಮೇಲೆ ಏನೇ ಆಗಿರಲಿ.

"ಬಸುರು ಬೇಡ ಅಂತ ನಿಮ್ಮ ಹತ್ತಿರ ಬರುತ್ತಿದ್ದರಾ ಅಮ್ಮ? ಅವರಿಗೆ ಏನು ಹೇಳುತ್ತಿದ್ದಿರಿ?" ಎಂದು ಕೇಳಿದರು.

"ಬೇಡ ಅಂತ ಯಾರ್ ಹೇಳ್ತಾವ್ರೆ ನೋಡ್ತಿದ್ದೆ ಪಾದ್ರಪ್ಪ. ಅತ್ತೆ ಹೇಳುದ್ರೆ ಅತ್ತೇನ ಉಗ್ದು ಓಡಿಸ್ತಿದ್ದೆ. ಹೊತ್ತೋಳೇ ಬಂದ್ರೆ ಕೂರಿಸ್ಕಂಡು ಮುದ್ದೆ ಇಕ್ತಿದ್ದೆ. ಉಂಡ್ಮೇಲೆ ಮಾತು. ಅರ್ಧ ಜನಕ್ಕೆ ಭಯ, ಹೊಟ್ಟೆಹಸಿವು, ಅಷ್ಟೆಯ. ಸಮಾಧಾನ ಮಾಡ್ಕಂಡು ಹೋಗಿ ಹೆರ್ತಿದ್ರು."

"ಇನ್ನರ್ಧ ಜನ?"

"ಅದು ಅವ್ರಿಗೂ ಅವ್ರ ದೇವ್ರಿಗೂ ಬುಟ್ಟಿದ್ದು. ಟಿ.ವಿ.ಲಿ ಆಡ್ಕಳಕ್ಕೆ ನಾನ್ಯಾರು?"

ಫಾದರ್ ಕ್ಯಾಮರಾದವನ ಮುಖ ನೋಡಿದರು. ಅವರ ಕಾರ್ಯಕ್ರಮಕ್ಕೆ ಬೇಕಾದ ಉತ್ತರ ಅದಲ್ಲ ಎಂದು ನನಗೂ ಗೊತ್ತಾಯಿತು. ಆದರೆ ಆ ಮಾತನ್ನು ಅವರು ಕತ್ತರಿಸಲಿಲ್ಲ, ಹಾಗೇ ಹಾಕಿದರು. ಅದಕ್ಕೇ ಹೇಳಿದ್ದು ಒಳ್ಳೆಯ ಮನುಷ್ಯ ಅಂತ.

ಕೊನೆಗೆ, "ನಿಮಗೆ ಮರೆಯಲಾಗದ ಕೂಸು ಯಾವುದು?" ಎಂದರು.

ಅಜ್ಜಿಯ ಮುಖ ಅರಳಿತು. "ನಮ್ ಕಮಲಾಕ್ಷಿ ಮನೆ ತಿಪ್ಪಿ. ತಿಪ್ಪೆ ಮ್ಯಾಲೆ ಮಲ್ಗಿತ್ತು. ನಾನೇ ಮೊರದಾಗೆ ಎತ್ಕಂಡ್ ಬಂದು ಕಮಲಾಕ್ಷಿಗೆ ಕೊಟ್ಟೆ."

"ಅಯ್ಯೋ ದೇವರೇ. ಹೆತ್ತವರು ಯಾರು?"

"ಯಾರೋ, ನಂಗೇನ್ ಗೊತ್ತು?" ಎಂದು ಅಜ್ಜಿ ಕಣ್ಣು ಮಿಟುಕಿಸದೆ ಹೇಳಿದಳು.

ಹಿಂದೆ ನಿಂತಿದ್ದ ನಾನು ಒಳಗೊಳಗೇ ನಕ್ಕೆ. ಯಾಕೆಂದರೆ ಈ ಕಥೆ ನಮ್ಮೂರಿನ ನಾಯಿಗೂ ಗೊತ್ತು. ಕಮಲಾಕ್ಷಮ್ಮ, ಅಂದರೆ ನಮ್ಮ ಪಕ್ಕದ ಮನೆಯ ಕಮಲಕ್ಕನಿಗೆ ಮೊದಲ ಮೂರು ಕೂಸು ಹುಟ್ಟಿದ ವಾರದೊಳಗೇ ಹೋಗಿದ್ದವು. ಹೀಗಾದ ಮನೆಯಲ್ಲಿ ನಮ್ಮ ಕಡೆ ಒಂದು ಶಾಸ್ತ್ರ ಮಾಡುತ್ತಾರೆ. ಮುಂದಿನ ಕೂಸು ಹುಟ್ಟಿದ ಕೂಡಲೇ ಸೂಲಗಿತ್ತಿ ಅದನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ಹಿಂದಿರುಗಿ ನೋಡದೆ ಏಳು ಹೆಜ್ಜೆ ನಡೆಯುತ್ತಾಳೆ. ಆಮೇಲೆ ಏನೂ ಗೊತ್ತಿಲ್ಲದವಳಂತೆ ಬಂದು, ಅಯ್ಯೋ ಯಾರದೋ ಕೂಸು ಸಿಕ್ತಲ್ಲ ಎಂದು ಎತ್ತಿಕೊಂಡು, ಬೇಕಾ ಬೇಕಾ ಎಂದು ಮೂರು ಮನೆ ಮುಂದೆ ಕೂಗುತ್ತಾಳೆ. ಹೆತ್ತ ತಾಯಿಯೇ ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ಇದು ಬೇಡದ ಕೂಸು, ತಿಪ್ಪೆಯದು ಎಂದುಕೊಂಡು ಜವರಾಯ ಮುಟ್ಟದೆ ಹೋಗಲಿ ಅಂತ ಇಷ್ಟೆಲ್ಲ ನಾಟಕ. ಅದಕ್ಕೇ ಆ ಹುಡುಗಿಗೆ ಶಾಲೆಯಲ್ಲಿ ಪುಷ್ಪಾವತಿ ಎಂದಿದ್ದರೂ ಮನೆಯಲ್ಲಿ ತಿಪ್ಪಿ.

ಈ ನಾಟಕಕ್ಕೆ ಒಂದು ಬಿಗಿ ಇದೆ. ಆ ಕೂಸು ಬೆಳೆದು ತಾನೊಂದು ಹೆರುವ ತನಕ ಹೆತ್ತವಳಾಗಲಿ ಸೂಲಗಿತ್ತಿಯಾಗಲಿ ಬಾಯಿಬಿಟ್ಟು ನಿಜ ಹೇಳಬಾರದು. ಪುಷ್ಪಾವತಿಗೆ ಆಗ ಮೂವತ್ತೊಂದು. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಬಸುರು, ಎಂಟನೇ ತಿಂಗಳು. ಅಂಥ ಹೊತ್ತಿನಲ್ಲಿ ಅಜ್ಜಿ ಬಾಯಿ ಬಿಡುತ್ತಾಳೆಯೇ? ನಮಗೆಲ್ಲ ಇದು ಮುದ್ದೆ ಸಾರಿನಷ್ಟು ಸಹಜ. ಬೆಂಗಳೂರಿನ ಪಾದ್ರಿಗೆ ಯಾರು ಹೇಳಬೇಕು? ನಾನು ಹೇಳಬೇಕಿತ್ತು. ಹೇಳಲಿಲ್ಲ. ಹೊರಡುವಾಗ ಅವರು ಹಸು ಕಟ್ಟುತ್ತಿದ್ದ ಕಮಲಕ್ಕನನ್ನೂ ದೂರದಿಂದ ಕ್ಯಾಮರಾದಲ್ಲಿ ಹಿಡಿದುಕೊಂಡರು. ನಾನೇ ಬೆರಳು ಮಾಡಿ ತೋರಿಸಿದ್ದು.

ಭಾನುವಾರ ನಾಲ್ಕಕ್ಕೆ ಊರೆಲ್ಲ ಟಿ.ವಿ. ಮುಂದೆ. ಅಜ್ಜಿ ಚೆನ್ನಾಗಿ ಕಂಡಳು. ಆಮೇಲೆ ಕಮಲಕ್ಕ ಹಸು ಕಟ್ಟುವ ಚಿತ್ರ ಬಂತು, ಹಿಂದೆ ಪಿಟೀಲು ಸದ್ದು, ಕೆಳಗೆ ದಪ್ಪ ಅಕ್ಷರದಲ್ಲಿ 'ತಿಪ್ಪೆಗೆ ಎಸೆದ ಕೂಸಿನ ಸಾಕುತಾಯಿ ಕಮಲಾಕ್ಷಮ್ಮ'. ಯಾರೋ ಪಾಪಿಗಳು ಬಿಸಾಡಿದ ಹೆಣ್ಣುಕೂಸನ್ನು ಬಡತನದಲ್ಲೂ ಎದೆಗವಚಿಕೊಂಡ ಮಹಾತಾಯಿ ಎಂದು ಫಾದರ್ ಕಣ್ಣೊರೆಸಿಕೊಂಡರು. ನನ್ನ ಹೆಂಡತಿ, ಇದೇನ್ರೀ ಹಿಂಗಂದ್ಬುಟ್ರು ಎಂದು ನನ್ನ ಮುಖ ನೋಡಿದಳು. ನನಗೆ ಆಗಲೂ ಬುದ್ಧಿ ಬರಲಿಲ್ಲ. ನಮ್ಮೂರು ಟಿ.ವಿ.ಯಲ್ಲಿ ಬಂತಲ್ಲ ಎಂಬ ಹುರುಪಿನಲ್ಲಿ ಆ ತುಣುಕನ್ನು ನನ್ನ ಗಿರಾಕಿಗಳ ವಾಟ್ಸಾಪ್ ಗುಂಪಿಗೆಲ್ಲ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಮಧುಗಿರಿ, ಪಾವಗಡ, ಎಲ್ಲಿಂದಲೋ ಕಮಲಕ್ಕನಿಗೆ ಫೋನು. ನಿಮ್ಮಂಥ ದೊಡ್ಡ ಮನಸ್ಸು ಯಾರಿಗಿದೆ ತಾಯೀ ಎಂದು ಹೊಗಳುವವರೇ ಎಲ್ಲ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಆ ತುಣುಕು ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿದ್ದ ಪುಷ್ಪಾವತಿಯ ಕೈಗೂ ಹೋಯಿತು. ಅವಳಿಗೆ ಚಿಕ್ಕಂದಿನಿಂದ ಊರವರೆಲ್ಲ ತೌಡಿಗೆ ಕೊಂಡದ್ದು ಎಂದು ಛೇಡಿಸಿದ್ದು ನೆನಪಿತ್ತು. ತಮಾಷೆ ಎಂದುಕೊಂಡಿದ್ದಳು. ಈಗ ಸೂಲಗಿತ್ತಿಯೇ, ಅದೂ ಒಬ್ಬ ಪಾದ್ರಿಯ ಎದುರು, ಹೆತ್ತವರು ಯಾರೋ ಗೊತ್ತಿಲ್ಲ ಎಂದಿದ್ದಾಳೆ. ನನಗೆ ಫೋನ್ ಮಾಡಿದಳು. ಅದು ಶಾಸ್ತ್ರ ಕಣಮ್ಮ, ಸುಮ್ಮನೆ ಹಾಗೆ ಹೇಳುವುದು ಎಂದು ಎಷ್ಟು ಬಿಡಿಸಿ ಹೇಳಿದರೂ ಒಂದೇ ಮಾತು.

"ನೀವೆಲ್ಲ ಸಮಾಧಾನಕ್ಕೆ ಹೇಳ್ತೀರ ಅಣ್ಣ. ನಾಕ್ನೇದೂ ಹೋಗಿ, ಯಾರ್ದೋ ಕೂಸ್ನ ತಂದಿದ್ರೆ ಯಾರಿಗ್ ಗೊತ್ತು? ಅವ್ವ ಒಂದ್ ದಿನಾನಾದ್ರೂ ನನ್ನ ಮಗ್ಳೇ ಅಂದಿದ್ ಕೇಳಿದ್ದೀರಾ? ಸ್ಕೂಲಿಗೆ ಸೇರಿಸ್ವಾಗ್ಲೂ ನಮ್ ಮನೆ ಹುಡ್ಗಿ ಅಂದ್ಲು. ಧಾರೆ ಎರಿವಾಗ್ಲೂ ನಮ್ ಮನೆ ಹುಡ್ಗಿ ಅಂದ್ಲು. ಅವ್ವನ್ನೇ ಕೇಳ್ದೆ. ಫೋನ್ ಇಟ್ಬುಟ್ಲು."

ಒಂಬತ್ತಕ್ಕೆ ಬೀಳುವ ಮೊದಲು ಅವಳನ್ನು ಬಾಣಂತನಕ್ಕೆ ಕರೆತರಬೇಕಿತ್ತು. ಬರುವುದಿಲ್ಲ ಎಂದಳು. ಸಾಕಿದವಳಿಗೆ ಇನ್ನೂ ಎಷ್ಟು ಭಾರ ಆಗಲಿ ಎಂದು ಅತ್ತಳು. ಮೂರನೇ ದಿನ ಅವಳ ಅತ್ತೆ ದಾಕ್ಷಾಯಣಮ್ಮನೇ ನನಗೆ ಫೋನ್ ಮಾಡಿದರು. ಜಾತಿ ಗೀತಿ ಎಂದು ತಗಾದೆ ತೆಗೆಯುತ್ತಾರೇನೋ ಎಂದು ನಾನು ಹೆದರಿದೆ. ಆ ಹೆಂಗಸು ನನ್ನ ಬಾಯಿ ಮುಚ್ಚಿಸಿದರು. "ಯಾರ್ ಹೆತ್ರೇನಪ್ಪ, ನಂಗೆ ನನ್ ಸೊಸೆ ಮುಖ್ಯ. ಮೂರ್ ದಿನದಿಂದ ಸರ್ಯಾಗಿ ಉಂಡಿಲ್ಲ. ಡಾಕ್ಟ್ರು ಬಿ.ಪಿ. ನೋಡಿ ಬೈದು ಕಳ್ಸವ್ರೆ. ಅವ್ರವ್ವನ ಬಾಯಿಂದ ಒಂದ್ ಮಾತ್ ಹೇಳಿಸ್ರಿ, ಸಾಕು."

ಒಂದು ಮಾತು! ಕಮಲಕ್ಕನ ಬಾಯಿಂದ ಆ ಮಾತು ಹೊರಡಿಸುವುದೂ ಕಲ್ಲಿನಿಂದ ನಾರು ತೆಗೆಯುವುದೂ ಒಂದೇ. ನಾನು ಹೋಗಿ ಬೇಡಿಕೊಂಡೆ, ಬೈದೆ, ಕೊನೆಗೆ ನಾನೇ ಅತ್ತುಬಿಟ್ಟೆ. ಅವಳು ತಲೆ ಅಲ್ಲಾಡಿಸಿದಳು, ಅಷ್ಟೇ.

ಅಜ್ಜಿಗೆ ಹೇಳಿದೆ. ಅವಳಿಗೆ ಟಿ.ವಿ. ಇಲ್ಲ, ಮೊಬೈಲಿಲ್ಲ. ತಾನು ಹೇಳಿದ್ದನ್ನು ಹೀಗೆ ತಿರುಗಿಸಿದ್ದಾರೆ ಎಂದೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಅಡಿಕೆ ಕತ್ತರಿಯನ್ನು ನನ್ನ ಕಡೆಗೇ ಎಸೆದಳು.

"ಅಯ್ಯೋ ಮುಂಡೇದೇ! ಆ ಪಾದ್ರಪ್ಪಂಗೆ ತಿಳೀದು. ನಿಂಗೇನ್ ಬಂದಿತ್ಲಾ ಬಾಯಿಗೆ? ಪಕ್ಕದಾಗೇ ನಿಂತು ಹಲ್ ಕಿರೀತಿದ್ದೆ!"

"ನೀನೇ ಗೊತ್ತಿಲ್ಲ ಅಂದ್ಯಲ್ಲ ಅಜ್ಜಿ."

"ಅಂದೆ ಕಣ್ಲಾ. ಆ ಹೆಣ್ಣಿನ ಹೊಟ್ಟೆ ತುಂಬಿರೋವಾಗ ಇನ್ನೇನ್ ಅನ್ಲಿ? ಫೋನ್ ಹಚ್ಚು ಅವ್ನಿಗೆ." ಹಚ್ಚಿದೆ. "ಪಾದ್ರಪ್ಪ, ಒಂದ್ ಬಸ್ರಿ ಅನ್ನ ಬುಟ್ಟವಳೆ, ನಿನ್ನಿಂದ್ಲೂ ನನ್ನಿಂದ್ಲೂ. ಆ ಕ್ಯಾಮರ ತಕ್ಕಂಡ್ ಬಾ." ಇಷ್ಟು ಹೇಳಿ ಫೋನನ್ನು ನನ್ನ ಜೇಬಿಗೆ ತುರುಕಿದಳು.

ಮಾರನೇ ದಿನ ಗುರುವಾರ, ಹತ್ತು ಗಂಟೆಗೆಲ್ಲ ಫಾದರ್ ಬಂದರು. ದಾರಿಯಲ್ಲಿರುವಾಗಲೇ ನಾನು ಫೋನಿನಲ್ಲಿ ಶಾಸ್ತ್ರದ ವಿಷಯ ಹೇಳಿದ್ದೆ, ಅವರ ಮುಖ ಬಿಳಿಚಿಕೊಂಡಿತ್ತು. ಕಮಲಕ್ಕನ ಜಗಲಿಯ ಮೇಲೆ ಕೂತು, "ಕೇಳದೆ ಮಾತಾಡಿದ್ದು ನನ್ನ ತಪ್ಪು ತಾಯಿ. ಬರುವ ಭಾನುವಾರ ನಾನೇ ಟಿ.ವಿ.ಯಲ್ಲಿ ಕ್ಷಮೆ ಕೇಳಿ, ಹೆತ್ತವರು ನೀವೇ ಅಂತ ಹೇಳುತ್ತೇನೆ" ಎಂದರು.

"ನೀನ್ ಹೇಳುದ್ರೆ ಅವ್ಳು ನಂಬ್ತಾಳಾ?" ಎಂದಳು ಅಜ್ಜಿ. "ಹೆತ್ತೋಳ್ ಬಾಯಾಗೆ ಬರ್ಬೇಕು."

ಕಮಲಕ್ಕ ಬಾಗಿಲ ಮರೆಯಿಂದ ಮಾತಾಡಿದಳು. "ಬುಡಿ ಸ್ವಾಮಿ, ಸಾಕಿದೋಳು ಅಂತ್ಲೇ ಇರ್ಲಿ. ಮೂರ್ ಕೂಸ್ನ ನನ್ ಮಗ, ನನ್ ಮಗ ಅಂತ ಮುದ್ದಾಡಿ ಕಳ್ಕಂಡೆ. ಇವ್ಳ ಅನ್ಲಿಲ್ಲ, ಉಳುದ್ಲು. ಈಗ ಅವ್ಳ ಹೊಟ್ಟೇಲೊಂದೈತೆ. ನಾನ್ ಅವ್ವ ಅಲ್ಲ ಅಂದ್ಕಂಡ್ರೂ ಸರಿ, ಎರ್ಡೂ ಜೀವ ನೆಟ್ಟಗಿರ್ಲಿ."

ಫಾದರ್ ಚೌರಪ್ಪ ತಲೆ ತಗ್ಗಿಸಿದರು. ಆರು ವರ್ಷದಿಂದ ತಾಯಂದಿರ ಬಗ್ಗೆಯೇ ಕಾರ್ಯಕ್ರಮ ಮಾಡುತ್ತಿದ್ದೇನೆ ರುದ್ರಮುನಿ, ಇಂಥ ಮಾತು ಕೇಳಿರಲಿಲ್ಲ ಎಂದರು. ಕ್ಯಾಮರಾ ಇನ್ನೂ ಚೀಲದಲ್ಲೇ ಇತ್ತು.

ಅಜ್ಜಿ ಮಾತ್ರ ಎದ್ದಳು. ಕೋಲೂರಿಕೊಂಡು ಮನೆಯನ್ನು ಬಳಸಿ ಹಿತ್ತಲಿಗೆ ಹೋದಳು. ಕಮಲಕ್ಕನ ತಿಪ್ಪೆ ಅದೇ ಜಾಗದಲ್ಲಿದೆ, ಎರಡು ಹಸುವಿನ ಸಗಣಿ ದಿನಾ ಬೀಳುತ್ತದೆ. "ಹತ್ತಿಸ್ಲಾ ನನ್ನ" ಎಂದಳು. ಜಾರುತ್ತೆ ಅಜ್ಜಿ ಎಂದರೆ, ಜಾರಿದರೆ ನೀನು ಹಿಡ್ಕೋ ಎಂದಳು. ಹತ್ತಿಸಿದೆ. ಫಾದರ್ ಓಡಿಬಂದು ಕ್ಯಾಮರಾದವನಿಗೆ ಸನ್ನೆ ಮಾಡಿದರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ಆಕಾಶಕ್ಕೆ ಎತ್ತಿದಳು.

"ಲೇ ಜವರಾಯ! ಕೇಳುಸ್ಕ! ಮೂವತ್ತೊಂದ್ ವರ್ಸದ ಹಿಂದೆ ಇದೇ ತಿಪ್ಪೇಲಿ ನಿಂಗೆ ಮೋಸ ಮಾಡ್ದೋಳು ನಾನು, ಚಿಕ್ಕಲಕ್ಷ್ಮಮ್ಮ! ಮಲಗ್ಸಿದ್ದೂ ನಾನೇ, ಎತ್ತಿದ್ದೂ ನಾನೇ, ಮಾರಿದ್ದೂ ನಾನೇ. ಕಮಲಾಕ್ಷಿದು ಏನೂ ಇಲ್ಲ. ಕ್ವಾಪ ಬಂದ್ರೆ ನನ್ ಮ್ಯಾಲೆ ತೀರಿಸ್ಕ. ಇವತ್ತೇ ಬಾ, ಎಲೆಅಡ್ಕೆ ಹಾಕ್ಕಂಡು ಜಗ್ಲಿ ಮ್ಯಾಲೆ ಕೂತಿರ್ತೀನಿ. ಆ ಹೆಣ್ಣಿನ್ ತಂಟೆಗೇನಾರ ಬಂದ್ಯೋ, ನಿನ್ನ ಹೆತ್ತೋಳ್ನ ಹುಡುಕ್ಕಂಡ್ ಬಂದು ಕೇಳ್ತೀನಿ, ಇಂಥವನ್ನ ಯಾಕ್ ಹೆತ್ತೆ ಅಂತ!"

ಸುತ್ತಲಿನ ಹಿತ್ತಲುಗಳಲ್ಲಿ ಹೆಂಗಸರು ಗೋಡೆ ಹಿಡಿದು ನಿಂತಿದ್ದರು. ಒಬ್ಬರೂ ನಗಲಿಲ್ಲ. ಅಜ್ಜಿ ಮೂಗಿನಲ್ಲಿ ಉಸಿರು ಬಿಡುತ್ತಾ ಹಿತ್ತಲ ಬಾಗಿಲ ಕಡೆ ತಿರುಗಿದಳು. "ಬಾರೆ ಕಮಲಾಕ್ಷಿ. ಇನ್ ನಿನ್ ಮ್ಯಾಲೇನಿಲ್ಲ. ಎಲ್ಲಾ ನಾನ್ ಹೊತ್ಕಂಡಿದ್ದೀನಿ. ಹೇಳು."

ಕಮಲಕ್ಕ ಹೊಸ್ತಿಲ ಮೇಲೆ ಬಂದು ನಿಂತಳು. ಫಾದರ್ರೇ ಅವಳ ಸೆರಗಿಗೆ ಆ ಜಿರಲೆಯಂಥ ಮೈಕನ್ನು ಸಿಕ್ಕಿಸಿದರು. ನಾನು ಇಪ್ಪತ್ತು ಅಡಿ ದೂರದಲ್ಲಿ, ಬೆಳಕು ತಿರುಗಿಸಲು ಕೊಟ್ಟಿದ್ದ ಬಿಳೀ ಥರ್ಮೊಕೋಲ್ ಹಾಳೆ ಹಿಡಿದು ನಿಂತಿದ್ದೆ. ಅವಳ ತುಟಿ ಅಲುಗಿದ್ದು ಕಂಡಿತು, ದನಿ ಕೇಳಲಿಲ್ಲ. ತಿಪ್ಪೆ ಇಳಿದು ಪಕ್ಕಕ್ಕೆ ಬಂದಿದ್ದ ಅಜ್ಜಿಗೂ ಕೇಳಿಸಲಿಲ್ಲವಂತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಫಾದರ್ ಒಬ್ಬರಿಗೇ ಕೇಳಿದ್ದು. ಅವರು ಕನ್ನಡಕ ತೆಗೆದು ಜುಬ್ಬಾದ ತುದಿಯಲ್ಲಿ ಒರೆಸಿಕೊಂಡರು. ಏನು ಹೇಳಿದಳು ಎಂದರೆ, ಭಾನುವಾರ ಆ ಮಗಳೇ ಮೊದಲು ಕೇಳಲಿ ಎಂದರು.

ಭಾನುವಾರ ನಾನು ಕಾರು ತೆಗೆದುಕೊಂಡು ಕೊಳಾಲಕ್ಕೆ ಹೋದೆ. ಅವರ ಮನೆಯಲ್ಲಿ ಆ ಚಾನೆಲ್ ಬರುತ್ತದೋ ಇಲ್ಲವೋ ಎಂಬ ಚಿಂತೆ, ಕೇಬಲ್‌ನವನ ಬುದ್ಧಿ. ನಾಲ್ಕಕ್ಕೆ ಐದು ನಿಮಿಷವಿರುವಾಗ ಮೊಬೈಲಿನಿಂದ ಟಿ.ವಿ.ಗೆ ಹಾಕಿಕೊಟ್ಟೆ. ಪುಷ್ಪಾವತಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಒಳಗೆ ಹೋಗಿತ್ತು. ಪಕ್ಕದಲ್ಲಿ ಅತ್ತೆ ದಾಕ್ಷಾಯಣಮ್ಮ. ಮೊದಲು ಫಾದರ್ ಬಂದು ಕೈಮುಗಿದು, ತಾನು ತಪ್ಪು ಹೇಳಿದೆ ಎಂದು ನೆಟ್ಟಗೆ ಒಪ್ಪಿಕೊಂಡರು. ಆಮೇಲೆ ತಿಪ್ಪೆಯ ಮೇಲಿನ ಅಜ್ಜಿ. ಜವರಾಯನ ತಾಯಿಯ ಮಾತಿಗೆ ದಾಕ್ಷಾಯಣಮ್ಮ ಅಯ್ಯಯ್ಯೋ ಎಂದು ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಕಮಲಕ್ಕ. ಈ ಸಲ ಪಿಟೀಲು ಇಲ್ಲ. ಕೆಳಗೆ ಒಂದೇ ಸಾಲು: 'ಕಮಲಾಕ್ಷಮ್ಮ, ಪುಷ್ಪಾವತಿಯ ತಾಯಿ'.

"ಸೌಂಡ್ ಜಾಸ್ತಿ ಮಾಡಣ್ಣ" ಎಂದಳು ಪುಷ್ಪಾವತಿ. ಪೂರ್ತಿ ಏರಿಸಿದೆ. ಪಿಸುಮಾತು ಮನೆ ತುಂಬ ತುಂಬಿಕೊಂಡಿತು.

"ತಿಪ್ಪಿ ನನ್ ಮಗ್ಳು. ನಾನೇ ಹೆತ್ತಿದ್ದು. ಮಂಗ್ಳವಾರ, ಹಸು ಕರ್ಯೋ ಹೊತ್ತು. ತಿಪ್ಪೆ ಮ್ಯಾಲೆ ಇದ್ದಷ್ಟೊತ್ತೂ ಅಳ್ತಿದ್ಲು, ನಾನ್ ಒಳಗೆ ಸೆರಗು ಬಾಯಿಗಿಟ್ಕಂಡು ಕೂತಿದ್ದೆ. ಅವ್ಳು ನಿದ್ದೆ ಮಾಡ್ವಾಗ ದಿನಾ ಕರೀತಿದ್ದೆ, ಮಗ್ಳೇ ಅಂತ, ಮನಸ್ನಾಗೇ. ದನಿ ಆಚೆ ಬುಡ್ಲಿಲ್ಲ."

ಪುಷ್ಪಾವತಿ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು, ಟಿ.ವಿ. ಅರ್ಧಕ್ಕೇ ನಿಂತುಹೋಗುವ ಹಾಗೆ, ತಾಯಿಗೆ ಫೋನ್ ಮಾಡಿದಳು. ಆ ಕಡೆ ಎತ್ತಿದ್ದು ಗೊತ್ತಾಯಿತು.

"ಅವ್ವ, ಬಾಣಂತನದ ನೀರಿಗೆ ಸೌದೆ ಹಾಕ್ಸಿದ್ದೀಯಾ?" ಎಂದಳು.

"ಯುಗಾದಿಗೇ ಹಾಕ್ಸೀನಿ ಕಣೆ."

"ಬರ್ತಿದ್ದೀನಿ. ಅತ್ತೆ ಚೀಲ ಕಟ್ತಾವ್ರೆ."

ದಾಕ್ಷಾಯಣಮ್ಮ ಆಗಲೇ ಎದ್ದಿದ್ದರು. ಆದರೆ ಮೊದಲು ಸೊಸೆಗೆ ಎರಡು ಮುದ್ದೆ ಉಣ್ಣಿಸಿದರು, ನನಗೂ ಒಂದು ಬಡಿಸಿದರು. ಅಜ್ಜಿಗೆ ಏನೂ ಆಗಲಿಲ್ಲ. ಜವರಾಯ ಬರುತ್ತಾನೆ ಎಂದು ಮೂರು ದಿನ ಜಗಲಿಯಲ್ಲಿ ಕಾದು, ಅವನಿಗೆ ಎದೆ ಇಲ್ಲ ಬುಡು ಎಂದು ಒಳಗೆ ಹೋದಳು.

ಆರು ವಾರಕ್ಕೆ ನೋವು ಬಂತು. ಮಧುಗಿರಿಯ ದೊಡ್ಡಾಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬೇಡವೆಂದರೂ ಕೇಳದೆ ಅಜ್ಜಿ ಹಿಂದಿನಿಂದ ಫ್ರೀ ಬಸ್ಸಿನಲ್ಲಿ ಬಂದಳು. ಮಧ್ಯಾಹ್ನದ ಹೊತ್ತು, ಹೆರಿಗೆ ವಾರ್ಡಿನ ಉದ್ದನೆ ಪಡಸಾಲೆಯಲ್ಲಿ ಐವತ್ತು ಜನ. ಕಮಲಕ್ಕ ಆ ತುದಿಯ ನಲ್ಲಿಯಲ್ಲಿ ಒಂದು ಲೋಟ ನೀರು ಹಿಡಿಯುತ್ತಿದ್ದಳು, ಅಜ್ಜಿ ಹೇಳಿ ಕಳಿಸಿದ್ದು. ಈ ತುದಿಯ ಬಾಗಿಲು ತೆರೆಯಿತು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹಿಡಿದು ಬಂದು, "ಪುಷ್ಪಾವತಿ ಕಡೆಯೋರು ಯಾರು?" ಎಂದರು.

"ನಾನು!" ಎಂಬ ಕೂಗಿಗೆ ಗೋಡೆಗೆ ಒರಗಿದ್ದವರೆಲ್ಲ ಬೆಚ್ಚಿಬಿದ್ದರು. ಕಮಲಕ್ಕ ಲೋಟ ಹಿಡಿದುಕೊಂಡೇ, ನೀರು ಚೆಲ್ಲಿಕೊಂಡು ಓಡಿಬರುತ್ತಿದ್ದಳು. "ನಾನು ಕಣಮ್ಮಾ! ಅವ್ಳು ನನ್ ಮಗ್ಳು! ನಾನೇ ಹೆತ್ತಿದ್ದು! ನನ್ ಮಗ್ಳ ಕೂಸು ಅದು!"

"ಯಾಕಮ್ಮ ಹಂಗ್ ಕಿರುಚ್ತೀರ? ಇದು ಆಸ್ಪತ್ರೆ" ಎಂದು ನರ್ಸಮ್ಮ ಗದರಿದರು.

"ಕಿರುಚ್ಲಿ ಬುಡವ್ವ" ಎಂದಳು ಬೆಂಚಿನ ಮೇಲಿದ್ದ ಅಜ್ಜಿ. "ಮೂವತ್ತೊಂದ್ ವರ್ಸದ್ದು ಒಟ್ಟಿಗೇ ಬಂದೈತೆ. ಕಮಲಾಕ್ಷಿ, ಮೊದ್ಲು ಆ ನೀರ್ ತಕ್ಕೊಂಡೋಗಿ ಹೆತ್ತೋಳಿಗ್ ಕುಡ್ಸು."